ದಿಬ್ಬದ ಬೀದಿಯ ಕೊನೆಯ ನಲ್ಲಿ

ನೀರು ಸರಬರಾಜು ಕಚೇರಿಗೆ ಬಂದ ಎರಡನೇ ವಾರವೇ ಅವಳಿಗೆ ‘ಟೇಬಲಮ್ಮ’ ಎಂಬ ಅಡ್ಡಹೆಸರು ಬಿತ್ತು. ಅದಕ್ಕೆ ಕಾರಣ ಅವಳದೇ ಬಾಯಿ. ಇಂಜಿನಿಯರ್ ಸಾಹೇಬರು ಬಾಗಿಲಲ್ಲಿ ನಿಂತು, “ಕೆಲಸ ಎಲ್ಲಿಗೆ ಬಂತು?” ಎಂದು ಕೇಳಿದಾಗ ಅವಳು ಪರದೆಯಿಂದ ಕಣ್ಣು ಕೀಳದೆ, “ಒಂದು ಟೇಬಲ್ ಸಾಕಾಗಲ್ಲ ಸಾರ್, ಇನ್ನೂ ಎರಡು ಬೇಕಾಗುತ್ತೆ” ಎಂದಿದ್ದಳು. ಅವಳು ಹೇಳಿದ್ದು ಕಂಪ್ಯೂಟರಿನೊಳಗಿನ, ಸಾಲು ಕಾಲಂಗಳಿರುವ ಟೇಬಲ್ಲು. ಪಕ್ಕದಲ್ಲಿ ನಿಂತಿದ್ದ ಜವಾನ ಅದನ್ನು ಕೇಳಿಸಿಕೊಂಡು, ಊಟದ ಹೊತ್ತಿಗೆ ಉಗ್ರಾಣದಿಂದ ಎರಡು ಮರದ ಮೇಜುಗಳನ್ನು ಬೆವರು ಸುರಿಸಿಕೊಂಡು ಹೊತ್ತು ತಂದು ಅವಳ ಪುಟ್ಟ ಕೋಣೆಯಲ್ಲಿ ಇಟ್ಟುಹೋದ. ಕಾಲಿಡಲು ಜಾಗವಿಲ್ಲದಂತಾಯಿತು. ವಾಪಸ್ ಒಯ್ಯಿ ಎನ್ನಲು ಅವಳಿಗೆ ಸಂಕೋಚ. ಮೇಜುಗಳ ಮೇಲೆ ಹಳೆಯ ನಕ್ಷೆಗಳನ್ನು ಹರಡಿಕೊಂಡು, ಬೇಕಾಗಿಯೇ ತರಿಸಿದವಳಂತೆ ಕೂತಳು. ವಿಷಯ ಹೊರಬಿದ್ದ ಮೇಲೆ ಇಡೀ ಕಚೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು, ಬಾಗಿಲು ಹಾಕಿಕೊಂಡ ಮೇಲೆ.

ಅವಳಿಗೆ ನಲವತ್ತನಾಲ್ಕು. ಹಾಸಿಗೆ ಹಿಡಿದ ಅಪ್ಪನನ್ನು ಒಂಬತ್ತು ವರ್ಷ ನೋಡಿಕೊಂಡಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬಳೇ ಇರಲಾರದೆ, ಆರಾರು ತಿಂಗಳ ಗುತ್ತಿಗೆ ಕೆಲಸ ಹಿಡಿದು ಊರಿಂದೂರಿಗೆ ಹೋಗತೊಡಗಿದ್ದಳು. ಒಂದು ಕಡೆ ಗ್ರಂಥಾಲಯದ ಪುಸ್ತಕಗಳು, ಇನ್ನೊಂದು ಕಡೆ ಕಾರ್ಖಾನೆಯ ಬಿಡಿಭಾಗಗಳು. ಹೋದಲ್ಲೆಲ್ಲ ಕೆಲಸ ಒಂದೇ, ಚೆಲ್ಲಾಪಿಲ್ಲಿಯಾಗಿ ಬಿದ್ದ ಮಾಹಿತಿಯನ್ನು ಹುಡುಕಿದರೆ ಸಿಗುವಂತೆ ಜೋಡಿಸಿಡುವುದು. ಅವಳ ಬಳಿ ಎರಡು ಚೀಲಗಳಿದ್ದವು. ಎರಡನೆಯದನ್ನು ಬಿಚ್ಚುವ ಪ್ರಸಂಗ ಯಾವ ಊರಲ್ಲೂ ಬಂದಿರಲಿಲ್ಲ.

ಇಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ. ಶುಕ್ರವಾರ ಸಂಜೆ ಕಚೇರಿಯಲ್ಲಿ “ಬರ್ತೀನಿ” ಎಂದು ಹೊರಟರೆ ಸೋಮವಾರ ಬೆಳಗ್ಗೆಯವರೆಗೆ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಮಾತಾಡಬಾರದೆಂದೇನಲ್ಲ, ಮಾತಾಡಲು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಸೋಮವಾರದ ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಕರಕರ ಎನ್ನುತ್ತ ಹೊರಬರುತ್ತಿತ್ತು. “ನೆಗಡಿನಾ ಮೇಡಂ?” ಎಂದು ಜವಾನ ಕೇಳುತ್ತಿದ್ದ. “ಹೂಂ, ಸ್ವಲ್ಪ” ಎನ್ನುತ್ತಿದ್ದಳು.

ಇಂಜಿನಿಯರ್ ಸಾಹೇಬರಿಗೆ ಬೇಕಾಗಿದ್ದದ್ದು ಇಷ್ಟೇ. ಊರಿನ ನೆಲದಡಿಯಲ್ಲಿ ಎರಡು ಸಾವಿರ ಚಿಲ್ಲರೆ ಪೈಪುಗಳಿದ್ದವು. ತೊಟ್ಟಿಯಿಂದ ಹೊರಡುವ ದೊಡ್ಡ ಪೈಪು, ಅದರಿಂದ ಕವಲೊಡೆದ ನಡುಪೈಪು, ಅದರಿಂದ ಬೀದಿ ಪೈಪು, ಬೀದಿಯಿಂದ ಮನೆಗಳಿಗೆ.

“ಒಂದು ವಾಲ್ವ್ ಮುಚ್ಚಿದ್ರೆ ಯಾವ ಯಾವ ಮನೆ ನಲ್ಲಿ ಒಣಗುತ್ತೆ ಅಂತ ಗುಂಡಿ ಒತ್ತಿದ ತಕ್ಷಣ ಗೊತ್ತಾಗಬೇಕು” ಎಂದಿದ್ದರು ಅವರು. “ಈಗ ಹೇಗಿದೆ ಗೊತ್ತಾ? ಜನ ಬಂದು ಬಾಯಿಗೆ ಬಂದ ಹಾಗೆ ಬೈದ ಮೇಲೇ ನಮಗೆ ಗೊತ್ತಾಗೋದು.”

ಹೀಗೆ ಕವಲು ಕವಲಾಗಿ ಇಳಿಯುವ ಸಂಗತಿಯನ್ನು ಸಪಾಟಾದ ಟೇಬಲ್ಲಿನೊಳಗೆ ಕೂರಿಸುವುದಕ್ಕೆ ಹಲವು ದಾರಿಗಳಿವೆ. ಪ್ರತಿ ಪೈಪಿನ ಸಾಲಿನಲ್ಲಿ ಅದರ ಮೇಲಿನ ಪೈಪಿನ ಸಂಖ್ಯೆಯನ್ನಷ್ಟೇ ಬರೆದಿಡಬಹುದು. ಬರೆಯುವುದು ಸುಲಭ, ಆದರೆ ಕೆಳಗಿರುವುದನ್ನೆಲ್ಲ ತಿಳಿಯಬೇಕಾದರೆ ಒಂದೊಂದು ಮೆಟ್ಟಿಲಿಗೂ ನಿಂತು ಕೇಳುತ್ತ ಇಳಿಯಬೇಕು. ಇಲ್ಲವೆ ಪ್ರತಿ ಪೈಪಿನ ಸಾಲಿನಲ್ಲೂ ತೊಟ್ಟಿಯಿಂದ ಅಲ್ಲಿಯವರೆಗಿನ ಇಡೀ ದಾರಿಯನ್ನು ವಿಳಾಸದ ಹಾಗೆ ಬರೆದುಬಿಡಬಹುದು. ಆಗ ಒಂದೇ ನೋಟಕ್ಕೆ ಉತ್ತರ ಸಿಗುತ್ತದೆ, ಆದರೆ ಮೇಲಿನದೊಂದು ಪೈಪು ಜಾಗ ಬದಲಿಸಿದರೆ ಕೆಳಗಿನವರೆಲ್ಲರ ವಿಳಾಸವೂ ಸುಳ್ಳಾಗುತ್ತದೆ. ಮೂರನೆಯ ದಾರಿಯೂ ಒಂದಿತ್ತು. ಯಾರ ಕೆಳಗೆ ಯಾರು ಯಾರಿದ್ದಾರೆ ಎಂಬುದನ್ನು ದೂರದ ನೆಂಟಸ್ತಿಕೆಯನ್ನೂ ಬಿಡದೆ ಜೋಡಿ ಜೋಡಿಯಾಗಿ ಬೇರೆ ಟೇಬಲ್ಲಿನಲ್ಲಿ ಬರೆಯುವುದು. ಅವಳು ಲೆಕ್ಕ ಹಾಕಿದಳು. ಹದಿನೆಂಟು ಸಾವಿರ ಸಾಲುಗಳಾಗುತ್ತಿದ್ದವು.

ಯಾವುದು ವಾಸಿ ಎಂದು ಯಾರನ್ನಾದರೂ ಕೇಳಬಹುದಿತ್ತು. ಕಚೇರಿಯಲ್ಲಿ ನೀರು ಬಿಡುವ ಕೆಲಸದವನೊಬ್ಬನಿದ್ದ. ಮೂವತ್ನಾಲ್ಕು ವರ್ಷದಿಂದ ಊರಿನ ಎಲ್ಲ ವಾಲ್ವ್‌ಗಳನ್ನು ತಿರುಗಿಸಿದವನು. ಆಳೆತ್ತರದ ಕಬ್ಬಿಣದ ಚಾವಿಯೊಂದು ಸದಾ ಅವನ ಹೆಗಲ ಮೇಲಿರುತ್ತಿದ್ದರಿಂದ ಎಲ್ಲರಿಗೂ ಅವನು ‘ಚಾವಿಯಣ್ಣ’. ಅವಳು ಅವನನ್ನು ಕೇಳಲಿಲ್ಲ. ಕೇಳುವುದೆಂದರೆ ಎದ್ದು ಹೋಗಬೇಕು, ಪರಿಚಯ ಮಾಡಿಕೊಳ್ಳಬೇಕು, ಅದೂ ಇದೂ ಮಾತಾಡಬೇಕು. ಪೈಪುಗಳು ನೆಲದಡಿ ಹೂತಿರುವಂಥವು, ಜಾಗ ಬಿಟ್ಟು ಎಲ್ಲಿಗೆ ಹೋಗುತ್ತವೆ ಎಂದುಕೊಂಡು, ಗ್ರಂಥಾಲಯದಲ್ಲಿ ಮಾಡಿದ್ದಂತೆಯೇ ಎರಡನೆಯ ದಾರಿ ಹಿಡಿದಳು. ಎರಡು ತಿಂಗಳು ತಲೆ ಬಗ್ಗಿಸಿ ಕೂತು ಪ್ರತಿ ಪೈಪಿಗೂ ಅದರ ಉದ್ದಾನುದ್ದ ವಿಳಾಸ ಬರೆದಳು. ಸಾಹೇಬರು ಗುಂಡಿ ಒತ್ತಿ ನೋಡಿ, “ಭಲೇ!” ಎಂದರು.

ಭಲೇ ಎನಿಸಿಕೊಂಡದ್ದು ಹದಿನೆಂಟು ದಿನ ಬಾಳಿತು. ಹತ್ತೊಂಬತ್ತನೇ ದಿನ ಹಳೇ ಮಾರುಕಟ್ಟೆ ರಸ್ತೆಯ ದೊಡ್ಡ ಪೈಪು ಒಡೆಯಿತು. ಚಾವಿಯಣ್ಣ ಅದನ್ನು ಮುಚ್ಚಿ, ಊರಿನ ಪೂರ್ವದ ಭಾಗಕ್ಕೆಲ್ಲ ಪಡುವಣ ತೊಟ್ಟಿಯ ನೀರು ತಿರುಗಿಸಿದ. ಆರುನೂರ ನಲವತ್ತು ಪೈಪುಗಳ ವಿಳಾಸ ಒಂದೇ ಏಟಿಗೆ ಸುಳ್ಳಾಯಿತು. ಅವಳು ತಿದ್ದಲು ಕೂತಳು. ಅರ್ಧ ತಿದ್ದುವಷ್ಟರಲ್ಲಿ ಪೈಪು ರಿಪೇರಿಯಾಗಿ, ಕೆಲವು ಬೀದಿಗಳು ಹಳೇ ತೊಟ್ಟಿಗೆ ವಾಪಸಾದವು. ಮಾರನೇ ದಿನ ಯಾವುದೋ ಸೋರಿಕೆಗೆಂದು ಸಾಹೇಬರು ಒಂದು ವಾಲ್ವ್ ಮುಚ್ಚಿಸುವ ಮೊದಲು ಗುಂಡಿ ಒತ್ತಿದರು. ಹನ್ನೊಂದು ಮನೆ ಎಂದಿತು ಪರದೆ. ಮುಚ್ಚಿಸಿದರು. ಹೆರಿಗೆ ಆಸ್ಪತ್ರೆಯ ನಲ್ಲಿಗಳು ಬರಿದಾದವು.

ಆಸ್ಪತ್ರೆಯ ಹಿರಿಯ ನರ್ಸ್ ನಡೆದುಕೊಂಡೇ ಕಚೇರಿಗೆ ಬಂದಳು. ಮೊಳಕೈವರೆಗೆ ಒಣಗಿ ಅಂಟಿದ ಸೋಪಿನ ನೊರೆ. “ಕೈ ತೊಳೆಯೋಕೆ ನೀರಿಲ್ಲ, ಒಳಗೆ ಮೂವರು ನೋವು ತಿಂತಾ ಇದ್ದಾರೆ. ಯಾರಪ್ಪಾ ನಿಮ್ಮಲ್ಲಿ ಇದಕ್ಕೆ ಉತ್ತರ ಹೇಳೋರು?” ಎಂದು ಎರಡೂ ಕೈ ಮುಂದೆ ಚಾಚಿ ನಿಂತಳು. ತಕ್ಷಣ ಲಾರಿಯಲ್ಲಿ ನೀರು ಹೋಯಿತು. ಅನಾಹುತವೇನೂ ಆಗಲಿಲ್ಲ. ಆದರೆ ಸಾಹೇಬರು ಅವಳ ಕೋಣೆಗೆ ಬಂದು, ಮರದ ಮೇಜಿನ ಅಂಚು ಹಿಡಿದು, ದನಿ ಏರಿಸದೆಯೇ, “ಈ ಗುಂಡಿ ಒತ್ತೋದಕ್ಕಿಂತ ಕಣ್ಣು ಮುಚ್ಚಿ ಚೀಟಿ ಎತ್ತೋದೇ ವಾಸಿಯಮ್ಮ” ಎಂದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಆ ಸಂಜೆ ಅವಳು ಪಂಪಿನ ಶೆಡ್ಡಿನ ಹಿಂದಿದ್ದ ಚಾವಿಯಣ್ಣನ ಮನೆಗೆ ಹೋದಳು. ಅರವತ್ತರ ಅಂಚಿನ, ಒಣಗಿದ ಹುರಿಯಂಥ ಆಳು. ಹೊಸ್ತಿಲಲ್ಲಿ ಕೂತು ಚಾವಿಗೆ ಗ್ರೀಸು ಹಚ್ಚುತ್ತಿದ್ದ. ಒಳಗೆ ಒಂದು ಮಂಚ, ಒಂದು ತಟ್ಟೆ, ಗೋಡೆಗೆ ನೇತುಹಾಕಿದ ಒಂದು ಅಂಗಿ. ತನ್ನ ಕೋಣೆಯನ್ನೇ ನೋಡಿದಂತಾಗಿ ಅವಳು ಕಣ್ಣು ಈಚೆಗೆ ತಂದಳು.

“ಒಂದು ಪೈಪು ಈ ಲೈನಿಂದ ಆ ಲೈನಿಗೆ ಬದಲಾಗೋದು ಎಷ್ಟು ದಿನಕ್ಕೊಂದ್ಸಲ?” ಎಂದು ಕೇಳಿದಳು.

“ಎಷ್ಟು ದಿನಕ್ಕೊಂದ್ಸಲ?” ಅವನು ನಕ್ಕ. “ದಿನಕ್ಕೆ ಎಷ್ಟು ಸಲ ಅಂತ ಕೇಳಿ ಮೇಡಂ. ಎರಡು ತೊಟ್ಟಿ ನೀರಲ್ಲಿ ಮೂರು ತೊಟ್ಟಿ ಊರು ತೂಗಿಸಬೇಕು. ತಿರುಗಿಸ್ತಾ ಇರೋದೇ ನನ್ನ ಕೆಲಸ.”

“ನಕ್ಷೇಲಿ ಹಾಗಿಲ್ಲವಲ್ಲ.”

“ನಕ್ಷೆಗೆ ಬಾಯಾರಿಕೆ ಆಗಲ್ವಲ್ಲ ಮೇಡಂ.” ಅವನು ಚಾವಿಯನ್ನು ಬಟ್ಟೆಯಿಂದ ಒರೆಸಿದ. “ನಾಳೆ ಬೆಳಗ್ಗೆ ಆರಕ್ಕೆ ಬನ್ನಿ, ತೋರಿಸ್ತೀನಿ. ಗಟ್ಟಿ ಚಪ್ಪಲಿ ಹಾಕ್ಕೊಂಡು ಬನ್ನಿ.”

ಮರುದಿನದಿಂದ ಅವಳು ಅವನ ಹಿಂದೆ ನಡೆದಳು. ಬೆಳಕು ಹರಿಯುವ ಹೊತ್ತಿಗೆ ಬೀದಿಗಳು ಖಾಲಿ. ಅವನು ರಸ್ತೆಯ ಕಬ್ಬಿಣದ ಮುಚ್ಚಳ ಎತ್ತಿ, ಚಾವಿ ಇಳಿಸಿ, ಗಾಣದೆತ್ತಿನ ಹಾಗೆ ಸುತ್ತು ಹಾಕುತ್ತಿದ್ದ. ನೆಲದೊಳಗೆ ಬುಸ್ಸೆಂದು ನೀರು ಏಳುವ ಸದ್ದಿಗೆ ತಲೆ ವಾಲಿಸಿ ಕೇಳುತ್ತಿದ್ದ. ಅವಳು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ನಡೆಯುವಾಗ ಅವನಿಗೆ ಮಾತು, ನಿಂತರೆ ಮೌನ. ಗಡಿಯಾರದ ಬೀದಿಯ ತಿರುವಿನಲ್ಲಿ ಇಬ್ಬರೂ ಟೀ ಕುಡಿಯುತ್ತಿದ್ದರು. ಮೂರನೇ ವಾರದ ಹೊತ್ತಿಗೆ ಅಂಗಡಿಯವನು ಕೇಳದೆಯೇ ಅವಳ ಲೋಟಕ್ಕೆ ಸಕ್ಕರೆ ಕಡಿಮೆ ಹಾಕತೊಡಗಿದ. ಒಂದು ಊರಿನಲ್ಲಿ ತನ್ನ ಸಕ್ಕರೆಯ ಅಳತೆ ಇನ್ನೊಬ್ಬರಿಗೆ ಗೊತ್ತಾಗಿ ಎಷ್ಟು ವರ್ಷವಾಗಿತ್ತೋ. ಅವಳಿಗೆ ಅದು ತುಂಬ ದೊಡ್ಡದೆನಿಸಿತು. ಯಾರಿಗೂ ಹೇಳುವಂಥದ್ದಾಗಿರಲಿಲ್ಲ, ಹೇಳಲು ಯಾರೂ ಇರಲೂ ಇಲ್ಲ.

ಕೆಲಸವನ್ನು ಮೊದಲಿನಿಂದ ಶುರುಮಾಡಿದಳು. ಉದ್ದದ ವಿಳಾಸಗಳನ್ನೆಲ್ಲ ಅಳಿಸಿ, ಮೊದಲನೆಯ, ತೀರಾ ಸಾದಾ ದಾರಿಗೆ ಬಂದಳು: ಪ್ರತಿ ಪೈಪಿನ ಸಾಲಿನಲ್ಲಿ ‘ಮೇಲಿನ ಪೈಪು’ ಎಂಬ ಒಂದು ಕಾಲಂ. ಚಾವಿಯಣ್ಣ ಒಂದು ಬೀದಿಯನ್ನು ಅತ್ತಿಂದಿತ್ತ ತಿರುಗಿಸಿದರೆ ಒಂದು ಸಂಖ್ಯೆ ತಿದ್ದಿದರಾಯಿತು. ಅದರ ಕೆಳಗಿನವರ ಸುದ್ದಿಗೇ ಹೋಗಬೇಕಾಗಿಲ್ಲ. ಕೆಳಗೆ ಯಾರಿದ್ದಾರೆಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತ ಇಳಿಯುವ ಶ್ರಮವನ್ನು ಕಂಪ್ಯೂಟರಿಗೇ ಬಿಟ್ಟಳು. ಎರಡು ಸಾವಿರ ಪೈಪು ಅದಕ್ಕೆ ಯಾವ ಲೆಕ್ಕ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಇಳಿದು ಹತ್ತುತ್ತಿತ್ತು.

ಈ ಸಲ ಒಪ್ಪಿಸುವ ಮೊದಲು ತಾಳೆ ನೋಡಬೇಕೆಂದು, ಹನ್ನೆರಡು ವರ್ಷದ ದೂರಿನ ಪುಸ್ತಕಗಳನ್ನು ಉಗ್ರಾಣದಿಂದ ತರಿಸಿದಳು. ನೀರು ಬರುತ್ತಿಲ್ಲವೆಂದು ಜನ ಬರೆಸಿದ ದೂರುಗಳೆಲ್ಲ ಅದರಲ್ಲಿದ್ದವು. ಪೈಪಿನ ತುದಿಯಲ್ಲಿರುವ, ಎತ್ತರದಲ್ಲಿರುವ ಮನೆಗಳಿಂದ ದೂರು ಹೆಚ್ಚು ಬರಬೇಕು. ಎಲ್ಲ ಬೀದಿಗಳಲ್ಲೂ ಹಾಗೇ ಇತ್ತು, ದಿಬ್ಬದ ಬೀದಿಯೊಂದನ್ನು ಬಿಟ್ಟು. ಅಲ್ಲಿ ಕೆಳಗಿನಿಂದ ಮೇಲೇರುತ್ತ ಹೋದಂತೆ ದೂರು ಏರುತ್ತ ಹೋಗಿತ್ತು. ಕೊನೆಗಿಂತ ಒಂದು ಮನೆ ಹಿಂದೆ ನೂರಾ ಏಳು ದೂರು. ಎಲ್ಲಕ್ಕಿಂತ ಎತ್ತರದ ಕೊನೆಯ ಮನೆಯಿಂದ ಮಾತ್ರ, ಈಚಿನ ಹನ್ನೊಂದು ವರ್ಷದಲ್ಲಿ, ಒಂದೇ ಒಂದು ದೂರೂ ಇಲ್ಲ.

“ಆ ಮನೆಯೋರು ದೂರು ಕೊಡೋ ಪೈಕಿ ಅಲ್ಲ” ಎಂದ ಚಾವಿಯಣ್ಣ ಮರುದಿನ, ಲೋಟದೊಳಗೆ ನೋಡುತ್ತ.

“ಯಾರಿದ್ದಾರೆ ಅಲ್ಲಿ?”

“ಯಾರೋ ಹೊಲಿಗೆಯೋಳು.” ಅವನು ಅರ್ಧ ಟೀ ಅಲ್ಲೇ ಬಿಟ್ಟು ಚಾವಿ ಹೆಗಲಿಗೇರಿಸಿದ. “ನಾಳೆನೂ ಆರಕ್ಕೇ ಬನ್ನಿ ಮೇಡಂ, ಅದಕ್ಕೆ ಮುಂಚೆ ಬೇಡ. ಐದೂವರೆಗೆ ನಂಗೆ ಮೇಲ್ಗಡೆ ತೊಟ್ಟಿ ಹತ್ರ ಒಂಚೂರು ಕೆಲಸ ಇರುತ್ತೆ.”

ಅವಳು ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಒಂದು ಸಾಲು ತಾಳೆಯಾಗದಿದ್ದರೆ ಊಟ ರುಚಿಸದ ಜಾಯಮಾನ ಅವಳದು. ಶನಿವಾರ ಬೆಳಗ್ಗೆ, ಜಿಪ್ ಕಿತ್ತುಹೋದ ಕೈಚೀಲವೊಂದನ್ನು ಹಿಡಿದು ದಿಬ್ಬ ಹತ್ತಿದಳು. ತೊಂಬತ್ತೆರಡು ಮೆಟ್ಟಿಲು. ಕೊನೆಯ ಮನೆಯ ಅಂಗಳದಲ್ಲಿ ಬೀದಿಯ ಹೆಂಗಸರು ಗಂಡಸರು ಕೊಡ, ಬಕೆಟ್ಟು, ಡಬ್ಬ ಹಿಡಿದು ಸಾಲಾಗಿ ನಿಂತಿದ್ದರು. ನಲ್ಲಿಯಿಂದ ನೀರು ಬೆರಳು ದಪ್ಪಕ್ಕೆ, ಬಿಗಿಯಾಗಿ ಬೀಳುತ್ತಿತ್ತು. ಬೆಳ್ಳಗಾದ ತಲೆಯ, ನೆಟ್ಟಗಿನ ಬೆನ್ನಿನ ಹೆಂಗಸೊಬ್ಬಳು ಕಿಟಕಿಯ ಬಳಿ ಕೂತು ಹೊಲಿಗೆ ಯಂತ್ರ ತುಳಿಯುತ್ತ, “ಮುಗಿದೋರು ನಲ್ಲಿ ತಿರುಗಿಸಿ ಹೋಗಿ, ಸುಮ್ನೆ ಹರೀಬಿಡಬೇಡಿ” ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

ಜಿಪ್ ನೋಡಿ, “ಕೂತ್ಕೊಳ್ಳಿ, ಈಗ್ಲೇ ಹಾಕಿಕೊಡ್ತೀನಿ” ಎಂದಳು. ಸೂಜಿಗೆ ದಾರ ಪೋಣಿಸುತ್ತ ಕೇಳಿದಳು, “ನೀವೇ ಅಲ್ವಾ, ನೀರಿನ ಆಫೀಸಿನ ಟೇಬಲಮ್ಮ?”

“ಯಾರು ಹೇಳಿದ್ರು?”

“ಈ ಅಂಗಳಕ್ಕೆ ನೀರಿಗೆ ಬರೋರು ಊರ ಸುದ್ದಿನೂ ತರ್ತಾರೆ. ಜಿಪ್ ಹಾಕೋರು ದಿಬ್ಬದ ಕೆಳಗೇ ಮೂರು ಜನ ಇದ್ದಾರೆ. ನೀವು ಬಂದಿದ್ದು ನಲ್ಲಿ ನೋಡೋಕೆ.” ಅವಳ ಕಣ್ಣು ಸೂಜಿಯ ಮೇಲೇ ಇತ್ತು. “ನೋಡಿ, ಮುಚ್ಚಿಡೋಕೆ ಏನಿದೆ. ನೀರು ಬಿಡೋ ಆ ಮನುಷ್ಯ ನನ್ನ ಗಂಡ. ಹನ್ನೊಂದು ವರ್ಷದ ಹಿಂದೆ ಬಿಟ್ಟುಬಂದೆ.”

ಟೇಬಲಮ್ಮ ನಲ್ಲಿಯ ಕಡೆ ತಿರುಗಿ ನೋಡಿದಳು.

“ಕುಡಿತ ಇಲ್ಲ, ಹೊಡೆತ ಇಲ್ಲ. ಬಂದು ಕೇಳಿದೋರಿಗೆಲ್ಲ ನಾನು ಏನು ಕಾರಣ ಹೇಳ್ಲಿ? ಬೆಳಗ್ಗೆ ಹೋದ್ರೆ ಪೈಪು, ಸಂಜೆ ಬಂದ್ರೆ ಪೈಪು. ಇಪ್ಪತ್ತು ವರ್ಷದಲ್ಲಿ ಕೂತು ಇಪ್ಪತ್ತು ಮಾತಾಡಿಲ್ಲ. ನಂಗೆ ಹುಷಾರಿಲ್ಲದೆ ಮೂರು ದಿನ ಮಲಗಿದ್ದಾಗ್ಲೂ ಊರಿಗೆಲ್ಲ ನೀರು ಬಿಟ್ಟು ಬಂದ್ರು, ಮನೇಲಿ ಕುಡಿಯೋಕೆ ಒಂದು ಲೋಟ ತುಂಬಿಟ್ಟಿರಲಿಲ್ಲ. ಅವತ್ತು ತೀರ್ಮಾನ ಮಾಡಿದೆ.” ಯಂತ್ರ ಎರಡು ಸಲ ಗರಗರ ಎಂದಿತು. “ಈ ಮನೆ ಅಗ್ಗಕ್ಕೆ ಸಿಕ್ತು, ನೀರು ಹತ್ತಲ್ಲ ಅಂತ. ನಾನು ಬಂದು ಎಂಟು ದಿನಕ್ಕೆ ಹಿತ್ತಲ ಕಡೆ ಯಾರೋ ಅಗೆದ ಹಾಗಿತ್ತು. ಒಂಬತ್ತನೇ ದಿನ ನೀರು ಬಂತು. ಇಡೀ ಬೀದೀಲಿ ನನಗೊಬ್ಬಳಿಗೆ. ಯಾಕೆ ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ ನಾನು.”

“ಮಾತಾಡಿದ್ರಾ?”

“ಏನಂತ? ಅವರು ಒಂದು ದಿನ ಹತ್ತಿ ಬಂದು ಬಾಗಿಲು ತಟ್ಟಲಿಲ್ಲ. ನಾನೂ ಇಳಿದು ಹೋಗಲಿಲ್ಲ. ಐದೂವರೆಗೆ ನಲ್ಲಿ ಕೆಮ್ಮುತ್ತೆ, ಆಮೇಲೆ ನೀರು. ಒಂದು ದಿನ ತಪ್ಪಿಲ್ಲ. ಒಬ್ಬಳಿಗೇ ಅಷ್ಟು ನೀರು ಯಾಕೆ ಅಂತ ಬೀದಿಗೆಲ್ಲ ಬಿಟ್ಟುಕೊಟ್ಟಿದ್ದೀನಿ.” ಜಿಪ್ಪನ್ನು ಎರಡು ಸಲ ಎಳೆದು ನೋಡಿ ಚೀಲವನ್ನು ಅವಳ ಕೈಗಿಟ್ಟಳು.

ಮೆಟ್ಟಿಲಿಳಿಯುವಾಗ ಅವಳಿಗೆ ಎಲ್ಲ ಹೊಳೆಯಿತು. ದಿಬ್ಬದ ನೆತ್ತಿಯ ಮೇಲಿನ ತೊಟ್ಟಿಯ ತಳದಿಂದ, ತೊಳೆಯುವಾಗ ನೀರು ಖಾಲಿ ಮಾಡಲೆಂದು ಒಂದು ಪೈಪಿತ್ತು; ಉಳಿದ ದಿನ ಅದರಲ್ಲಿರುತ್ತಿದ್ದುದು ತೊಟ್ಟಿಯ ಶುದ್ಧ ನೀರೇ. ಚಾವಿಯಣ್ಣ ಅದರಿಂದಲೇ ಸಣ್ಣದೊಂದು ಕವಲು ಎಳೆದು, ಮಧ್ಯೆ ಒಂದು ವಾಲ್ವ್ ಕೂರಿಸಿದ್ದ. ಅಂದರೆ ಆ ಮನೆಯ ಪೈಪಿಗೆ ಮೇಲಿನ ಪೈಪುಗಳು ಎರಡು: ನಕ್ಷೆಯಲ್ಲಿದ್ದ, ನೀರಿಲ್ಲದ ಒಂದು; ನೀರಿದ್ದ, ನಕ್ಷೆಯಲ್ಲಿಲ್ಲದ ಇನ್ನೊಂದು. ಅವಳ ಟೇಬಲ್ಲಿನಲ್ಲಿ ‘ಮೇಲಿನ ಪೈಪು’ ಎಂಬ ಕಾಲಮ್ಮಿಗೆ ಒಂದೇ ಸಂಖ್ಯೆ ಹಿಡಿಸುತ್ತಿತ್ತು. ಎರಡನ್ನೂ ಬರೆಯಬೇಕಾದರೆ ಆ ಕಾಲಂ ಕಿತ್ತು, ಯಾವ ಪೈಪಿಗೆ ಯಾವುದು ಕೂಡಿದೆ, ನಡುವಿನ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂದು ಬರೆಯುವ ಪ್ರತ್ಯೇಕ ಟೇಬಲ್ಲೇ ಬೇಕು. ಅದನ್ನು ಕಟ್ಟುವುದು ಎರಡು ದಿನದ ಕೆಲಸ. ಕಷ್ಟ ಅದಲ್ಲ. ಬರೆದರೆ ಸಾಹೇಬರ ಕಣ್ಣಿಗೆ ಬೀಳುತ್ತದೆ. ಅನುಮತಿಯಿಲ್ಲದ ಪೈಪು, ಹಾಕಿದವನ ನಿವೃತ್ತಿಗೆ ಇನ್ನು ಎರಡೇ ತಿಂಗಳು. ಬರೆಯದಿದ್ದರೆ, ಎರಡು ತಿಂಗಳಾದ ಮೇಲೆ ಆ ವಾಲ್ವ್ ತಿರುಗಿಸುವವರು ಯಾರು?

ಭಾನುವಾರ ಪೂರ್ತಿ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಸೋಮವಾರ ಟೀ ಅಂಗಡಿಯ ಬೆಂಚಿನ ಮೇಲೆ ನೇರವಾಗಿ ಹೇಳಿಬಿಟ್ಟಳು. ದನಿ ಎಂದಿನಂತೆ ಕರಕರ ಎಂದಿತು.

“ಅಣ್ಣಾ, ನಾನು ದಿಬ್ಬ ಹತ್ತಿದ್ದೆ.”

ಅವನು ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ.

“ಬರೀಬೇಡಿ” ಎಂದ ಕಡೆಗೆ.

“ಬರೀದಿದ್ರೆ ನಿಮ್ಮ ನಂತರ ಬರೋನಿಗೆ ಅಲ್ಲೊಂದು ವಾಲ್ವ್ ಇದೆ ಅಂತಲೇ ಗೊತ್ತಿರಲ್ಲ. ಬರೆದ್ರೆ ನೀವಿಲ್ಲದಿದ್ರೂ ನೀರು ಬರುತ್ತೆ.”

‘ನೀವಿಲ್ಲದಿದ್ರೂ’ ಎಂಬ ಮಾತು ಬಾಯಿಂದ ಜಾರಿದ ಮೇಲೆ ಅದು ಎಲ್ಲಿ ತಾಗಿತೆಂದು ಅವಳಿಗೆ ಕಂಡಿತು. ಅವನ ಮುಖ ಬಾಡಿತು. ಲೋಟ ಕೆಳಗಿಟ್ಟು, “ಸರಿ. ನಿಮ್ಮಿಷ್ಟ” ಎಂದು ಎದ್ದುಹೋದ.

ಅವಳು ಜೋಡಣೆಗಳಿಗೆಂದೇ ಪ್ರತ್ಯೇಕ ಟೇಬಲ್ ಕಟ್ಟಿದಳು. ಒಂದು ಪೈಪಿಗೆ ಒಂದಲ್ಲ, ಎರಡಲ್ಲ, ಎಷ್ಟು ಮೇಲಿನ ಪೈಪುಗಳಿದ್ದರೂ ಹಿಡಿಸುವಂಥದ್ದು. ಆಮೇಲೆ ದಿಬ್ಬದ ಬೀದಿಯ ದೂರುಗಳನ್ನೆಲ್ಲ ಒಂದು ಹಾಳೆಯಲ್ಲಿ ಮುದ್ರಿಸಿಕೊಂಡು ಸಾಹೇಬರ ಕೋಣೆಗೆ ಹೋದಳು.

“ಸಾರ್, ಈ ಬೀದಿಗೆ ಕೆಳಗಿನಿಂದ ನೀರು ಹತ್ತೋದು ಈ ಜನ್ಮದಲ್ಲಿ ಇಲ್ಲ. ಮೇಲಿನ ತೊಟ್ಟಿ ತೊಳೆಯೋ ಪೈಪಿಂದ ಇಳಿಸಿದ್ರೆ ಇಪ್ಪತ್ತಾರು ಮನೆಗೂ ಸಾಕು.”

“ಪೈಪು ಹಾಕಿಸೋಕೆ ಒಂದು ವರ್ಷ ಆಗುತ್ತಮ್ಮ, ಮಂಜೂರಾತಿ ಅದು ಇದು ಅಂತ.”

“ಕೊನೇ ಮನೆವರೆಗೆ ಆಗಲೇ ಇದೆ ಸಾರ್. ಅಲ್ಲಿಂದ ಬೀದಿ ಪೈಪಿಗೆ ಕೂಡಿಸಿದ್ರಾಯ್ತು.”

ಸಾಹೇಬರು ಕನ್ನಡಕ ತೆಗೆದರು. “ಇದೆಯಾ? ಯಾರು ಹಾಕಿದ್ದು?”

“ಹಾಕಿದವರ ಹೆಸರಿಗೆ ನನ್ನ ಟೇಬಲ್ಲಲ್ಲಿ ಕಾಲಂ ಇಲ್ಲ ಸಾರ್.”

ಅವರು ಅವಳನ್ನು ನೋಡಿದರು, ದೂರಿನ ಹಾಳೆ ನೋಡಿದರು, ಕಿಟಕಿಯಾಚೆ ಶೆಡ್ಡಿನ ಕಡೆ ನೋಡಿದರು. ಚಾವಿಯಣ್ಣನನ್ನು ಅವರೂ ಹದಿನೈದು ವರ್ಷದಿಂದ ಬಲ್ಲವರು. “ಇಲ್ಲದಿದ್ದ ಮೇಲೆ ಬಿಡಿ” ಎಂದು ಹಾಳೆಯ ಮೂಲೆಯಲ್ಲಿ ಸಹಿ ಹಾಕಿದರು.

ಮೂರು ವಾರದಲ್ಲಿ ದಿಬ್ಬದ ಬೀದಿಯ ಇಪ್ಪತ್ತಾರು ಮನೆಗಳಿಗೂ ನೀರು ಬಂತು. ಕಚೇರಿಯವರು ಅವಳ ಬೆನ್ನು ತಟ್ಟಿದರು. ಅಂದು ಬೆಳಗ್ಗೆ ಅವಳು ಗಡಿಯಾರದ ಬೀದಿಯ ತಿರುವಿನಲ್ಲಿ ಏಳು ಗಂಟೆಯವರೆಗೆ ಕಾದಳು. ಚಾವಿಯಣ್ಣ ಬೇರೆ ದಾರಿಯಲ್ಲಿ ಹೋಗಿದ್ದ. ಮರುದಿನವೂ ಹಾಗೆಯೇ. ಅಂಗಡಿಯವನು ಎರಡು ಲೋಟ ತೆಗೆದಿಟ್ಟು, ಒಂದನ್ನು ವಾಪಸ್ ಕವುಚಿಟ್ಟ. ತಾನು ಮಾಡಿದ್ದು ಸರಿಯೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಹನ್ನೊಂದು ವರ್ಷ ಬೆಳಗಾದರೆ ಒಬ್ಬನ ಕೈ ಮಾತ್ರ ಬಲ್ಲ ಒಂದು ತಿರುಪಿತ್ತು. ಅದನ್ನು ಅವಳು ಯಾರು ಬೇಕಾದರೂ ತಿರುಗಿಸಬಹುದಾದ ವಾಲ್ವ್ ಮಾಡಿದ್ದಳು.

ಅವನ ಬೀಳ್ಕೊಡುಗೆಯ ದಿನ ಹಾರ ಹಾಕಿದರು, ಭಾಷಣ ಮಾಡಿದರು. ಅವನು ಚಾವಿಯನ್ನು ಹೊಸಬನ ಕೈಗೆ ಕೊಟ್ಟು, ಹೆಗಲು ಒಂದು ಕಡೆ ವಾಲಿಸಿಕೊಂಡೇ ನಡೆದುಹೋದ.

ಅವಳ ಗುತ್ತಿಗೆ ಮುಗಿಯುವ ಮುನ್ನಾದಿನ ಕೊನೆಯ ಸಲ ದಿಬ್ಬ ಹತ್ತಿದಳು. ಅಂಗಳದಲ್ಲಿ ಈಗ ಸಾಲಿರಲಿಲ್ಲ. ಮನೆಮನೆಗೂ ನೀರಿದ್ದ ಮೇಲೆ ಯಾರು ಬರುತ್ತಾರೆ? ಹೊಲಿಗೆಯವಳು ಒಬ್ಬಳೇ ಕೂತು ಕಾಜಾ ಹೊಲಿಯುತ್ತಿದ್ದಳು.

“ಬನ್ನಿ, ಬನ್ನಿ. ಈಗ ಈ ಕಡೆ ತಲೆ ಹಾಕೋರು ಕಡಿಮೆ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನೀರು ಈಗ ಆರು ಗಂಟೆಗೆ ಬರುತ್ತೆ. ಒಂದೊಂದು ದಿನ ಆರೂಕಾಲು. ಐದೂವರೆಗೆ ನಂಗೆ ಸುಮ್ಮನೆ ಎಚ್ಚರ ಆಗಿಬಿಡುತ್ತೆ” ಎಂದಳು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, ದಾರ ಕಚ್ಚಿ ಕತ್ತರಿಸುತ್ತ, “ಆ ಮನುಷ್ಯ ಬೆಳಗ್ಗೆ ಹೊತ್ತು ಈಗ ಏನು ಮಾಡ್ತಾರೆ?”

“ಗೊತ್ತಿಲ್ಲ” ಎಂದಳು ಟೇಬಲಮ್ಮ. ನಿಜಕ್ಕೂ ಗೊತ್ತಿರಲಿಲ್ಲ.

ಆದರೆ ಆ ಪ್ರಶ್ನೆಯನ್ನು ತನ್ನಲ್ಲೇ ಇಟ್ಟುಕೊಂಡು ಊರು ಬಿಡಲಾಗಲಿಲ್ಲ. ಸಂಜೆ ಅವನ ಮನೆಗೆ ಹೋದಳು. ಅವನು ಹೊಸ್ತಿಲಲ್ಲಿ ಕೂತಿದ್ದ, ಕೈಯಲ್ಲಿ ಏನೂ ಇರಲಿಲ್ಲ. ಅವಳು ನಿಂತುಕೊಂಡೇ ಹೇಳಿದಳು, “ನೀವು ಬೆಳಗ್ಗೆ ಏನು ಮಾಡ್ತೀರಿ ಅಂತ ಕೇಳಿದ್ರು.”

“ಯಾರು?” ಎಂದವನು, ಅವಳು ಉತ್ತರಿಸುವ ಮೊದಲೇ ತಲೆ ತಗ್ಗಿಸಿದ. “ನೀವೇನಂದ್ರಿ?”

“ಗೊತ್ತಿಲ್ಲ ಅಂದೆ.”

“ಎದ್ದು ಕೂತಿರ್ತೀನಿ. ಅಷ್ಟೇ.”

ಮರುದಿನ ಬಸ್ ನಿಲ್ದಾಣದಲ್ಲಿ ಅವಳ ಎರಡು ಚೀಲಗಳ ಪಕ್ಕ ಅವನು ಬಂದು ನಿಂತಿದ್ದ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

“ಹೋಗೋ ಊರಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರಾ?”

“ಇಲ್ಲ ಅಣ್ಣ.”

“ಹೂಂ.” ಅವನು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದ. ಅದರಲ್ಲಿ ದೊಡ್ಡ ಅಂಕಿಗಳಲ್ಲಿ ಫೋನ್ ನಂಬರು. “ಐದೂವರೆಗೆ ಎದ್ದೇ ಇರ್ತೀನಿ. ನಿಮ್ಮ ನಂಬರೂ ಕೊಡಿ.”

ಹೊಸ ಊರಿನಲ್ಲಿ ಎಂಟು ದಿನ ಕಳೆಯಿತು. ಫೋನ್ ಬರಲಿಲ್ಲ. ಅವಳು ಯಾರಿಗೂ ತಾನಾಗಿ ಫೋನ್ ಮಾಡಿದವಳಲ್ಲ. ಒಂಬತ್ತನೇ ದಿನ, ಭಾನುವಾರ, ಬೆಳಗ್ಗೆ ಐದೂಮುಕ್ಕಾಲಿಗೆ ಮಂಚದ ಅಂಚಿನಲ್ಲಿ ಕೂತು ನಂಬರು ಒತ್ತಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಲು ಮನಸ್ಸಾಗಲಿಲ್ಲ.

ಸಂಜೆ ಅವನೇ ಮಾಡಿದ. “ಬೆಳಗ್ಗೆ ಫೋನ್ ಮನೇಲೇ ಬಿಟ್ಟು ಹೋಗಿದ್ದೆ.”

“ಎಲ್ಲಿಗೆ?”

“ದಿಬ್ಬಕ್ಕೆ. ಹೊಸಬ ಟೈಮಿಗೆ ನೀರು ಬಿಡ್ತಾನಾ ನೋಡೋಣ ಅಂತ. ಬಿಡಲ್ಲ ಅವನು, ಹದಿನೈದು ನಿಮಿಷ ತಡ.”

“ಮಾತಾಡಿಸಿದ್ರಾ?”

“ಇಲ್ಲ. ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿಂದ ಮೆಷಿನ್ ಸದ್ದು ಕೇಳಿಸ್ತಿತ್ತು. ಆಮೇಲೆ ನಿಂತಿತು. ನಾನು ಇಳಿದು ಬಂದೆ.” ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು. “ನಾಳೆನೂ ಹೋಗ್ತೀನೇನೋ. ನೋಡ್ಬೇಕು. ಅಲ್ಲಿ ನಿಮ್ಮ ಕೆಲಸ ಏನು?”

“ಬಿಡಿ, ಅದೆಲ್ಲ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ.”

“ನಂಗೇನು ಬೇರೆ ಕೆಲಸ ಇದೆ? ಹೇಳಿ.”

ಅವಳು ದಿಂಬನ್ನು ಗೋಡೆಗೆ ಒರಗಿಸಿಕೊಂಡಳು. ಇಲ್ಲೊಂದು ದೊಡ್ಡ ಗೋದಾಮು, ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು. ದಿನಾ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕ್ತಾರೆ, ಕೇಳಿದರೆ ಯಾರಿಗೂ ಎಲ್ಲಿದೆ ಅಂತ ಗೊತ್ತಿಲ್ಲ ಎಂದು ಶುರುಮಾಡಿದಳು. ಅರ್ಥವಾಯಿತೋ ಇಲ್ಲವೋ, ಅವನು ಆ ಕಡೆಯಿಂದ ಹೂಂಗುಟ್ಟುತ್ತಿದ್ದ.